ಧ್ವನಿ: ಇಲ್ಲ

ಹಗಲೆಲ್ಲ ನಾನು ಲಾರಿ ತೂಗುತ್ತೇನೆ.
ಸೊಹಾರಿನ ಗುಜರಿ ಯಾರ್ಡಿನ ಗೇಟಿನಲ್ಲಿ
ತುಂಬಿದ್ದೆಷ್ಟು, ಖಾಲಿಯೆಷ್ಟು, ಕಳೆದು ಉಳಿದದ್ದೆಷ್ಟು,
ಇಷ್ಟೇ ನನ್ನ ವಿದ್ಯೆ.

ಐವತ್ತು ಎಂಬಿಯ ಲಿನಕ್ಸ್ ಒಂದಿದೆ ಎಂದಾಗ
ಮೊದಲು ನಂಬಲಿಲ್ಲ.
ಟನ್ನುಗಳ ನಡುವೆ ಬದುಕುವವನಿಗೆ
ಹಗುರವಾದದ್ದರ ಮೇಲೆ ಒಂಥರಾ ಮೋಹ.
ಎರಡು ರಿಯಾಲಿಗೆ ಗುಜರಿಯಿಂದಲೇ ಎತ್ತಿದ ಲ್ಯಾಪ್‌ಟಾಪು,
ಮುರಿದ ಕೀಲಿಗೆ ಬೈಂಡಿಂಗ್ ವೈರು.
ಅದರ ಮೇಲೆ ಕೂತಿತು ಈ ವ್ಯವಸ್ಥೆ,
ವೇಬ್ರಿಜ್ಜಿನ ಮೇಲೆ ಬೆಕ್ಕು ನಡೆದ ಹಾಗೆ:
ಸೊನ್ನೆ ಸೊನ್ನೆಯಾಗಿಯೇ ಇತ್ತು.

ಸುದ್ದಿ ಹಬ್ಬಿ ಪೊಡಿಯಬ್ಬ ಬಂದ.
ಗ್ಯಾಸ್ ಕಟ್ಟರ್, ಉಪ್ಪಿನಂಗಡಿಯವ,
ಹಡಗಿನ ತಗಡನ್ನು ಹಪ್ಪಳದಂತೆ ಕೊಯ್ಯುವವ.
ಅಂಗಿಯೊಳಗಿಂದ ಒಂದು ಸಿಡಿ ತೆಗೆದ.
ಮಗಳ ಮದುವೆಯದು, ಹನ್ನೊಂದು ವರ್ಷ ಹಳೆಯದು.
ಆಗ ರಜೆ ಸಿಕ್ಕಿರಲಿಲ್ಲ.
ಆಮೇಲೆ ಊರಿಗೆ ಹೋದಾಗ ನೋಡಲು ಪುರುಸೊತ್ತಾಗಲಿಲ್ಲ,
ಧೈರ್ಯವೂ.
"ಯಾವ ಮಿಷನ್ನೂ ಇದನ್ನು ಓದುವುದಿಲ್ಲ ಮಾರಾಯ್ರೆ.
ನಿಮ್ಮದು ಬಡವರ ಮಿಷನ್ನಲ್ವಾ, ಓದೀತು."

ಹಗುರ ಎಂದರೆ ಏನೂ ಇಲ್ಲ ಎಂದೂ ಅರ್ಥ.
ಪ್ಲೇಯರ್ ಇರಲಿಲ್ಲ.
ಸಿದ್ಧವಾಗಿ ಸಿಕ್ಕಿದ್ದೊಂದು
ಈ ಮುದಿ ಪ್ರೊಸೆಸರಿಗೆ ತಿಳಿಯದ ಮಾತಾಡಿ
ತೆರೆದ ಕ್ಷಣವೇ ಸತ್ತಿತು.
ಸರಿ, ಮೂಲದಿಂದಲೇ ಕಟ್ಟಬೇಕು.

ಕಟ್ಟುವ ಮುನ್ನ ಅದು ಪ್ರಶ್ನೆ ಕೇಳುತ್ತದೆ,
ವೀಸಾಕ್ಕೆ ಮೊದಲು ಮಂಗಳೂರಿನ ಮೆಡಿಕಲ್ಲಿನಲ್ಲಿ
ಬನಿಯನ್ ಬಿಚ್ಚಿಸಿ ನಿಲ್ಲಿಸಿದ ಹಾಗೆ.
ಕಂಪೈಲರ್ ಇದೆಯೇ? ಇದೆ.
ಗಣಿತದ ಲೈಬ್ರರಿ? ಇದೆ.
ಪರದೆಗೆ ಬಣ್ಣ ಬಳಿಯುವುದು? ಇದೆ.
ಧ್ವನಿ? ಇಲ್ಲ.
ಫಾಂಟು? ಇದೆ.
ಸಾಲುಗಳು ಓಡಿದವು. ನಾನು ಚಹಾ ಸೋಸುತ್ತಿದ್ದೆ.

ಮೊದಲ ರಾತ್ರಿ ಮೆಮೊರಿ ಸಾಲದೆ ನಿಂತಿತು.
ಪೆನ್‌ಡ್ರೈವಿನಲ್ಲಿ ಒಂದಿಷ್ಟು ಸಾಲದ ಜಾಗ ಕೊಟ್ಟೆ.
ಎರಡನೆಯ ರಾತ್ರಿ ಕಾದು ತಾನೇ ಆರಿತು.
ಎಸಿಯ ಬಾಯಿಗೆ ಒಡ್ಡಿಟ್ಟೆವು.
ರೂಮಿನ ಆರು ಜನ ಬೆವರಿದರು, ಯಾರೂ ಬಯ್ಯಲಿಲ್ಲ,
ಸಿಯಾಲ್‌ಕೋಟಿನ ಇಫ್ತಿಖಾರನನ್ನು ಬಿಟ್ಟು.
ಮೂರನೆಯ ರಾತ್ರಿ ಪೊಡಿಯಬ್ಬ ಸ್ಟೂಲಿನಲ್ಲಿ ಕೂತು
ಪರದೆಯಲ್ಲಿ ಎಚ್ಚರಿಕೆಗಳು ಇಳಿಯುವುದನ್ನು ನೋಡುತ್ತಿದ್ದ.
"ಇಷ್ಟು ಎಚ್ಚರಿಕೆ ಕೊಟ್ಟರೂ ಇದು ನಿಲ್ಲುವುದಿಲ್ಲವಾ?"
"ಎಚ್ಚರಿಕೆಗೆ ನಿಲ್ಲುವುದಿಲ್ಲ, ತಪ್ಪಿಗೆ ಮಾತ್ರ."
"ನಮ್ಮದೂ ಅದೇ ಕತೆ," ಎಂದ.

ಸುಬಹಿನ ಬಾಂಗಿಗೆ ಮುಗಿಯಿತು.
ಚಿತ್ರ ಬಂತು.
ಸದ್ದಿಲ್ಲ.

ನಾಚಿಕೆಯಾಗಿ, ಇನ್ನೊಂದು ರಾತ್ರಿ ಕೊಡಿ ಎಂದೆ.
"ನಿಲ್ಲಿ," ಎಂದ.
ಚಪ್ಪರದ ಕೆಳಗೆ ರುಕಿಯಾ ತಲೆಯೆತ್ತಿ ಬಾಯಿ ತೆರೆದಳು.
"ಉಪ್ಪ ಎಲ್ಲಿ ಅಂತ ಕೇಳ್ತಿದ್ದಾಳೆ."
ಹೆಂಡತಿಯ ತಮ್ಮ ಕೈ ಬೀಸಿ ಏನೋ ಅಂದ.
"ನಾನು ಕಳಿಸಿದ ಬಳೆ ಎಲ್ಲರಿಗೂ ತೋರಿಸು ಅಂತಿದ್ದಾನೆ."
ಮುದುಕಿಯ ತುಟಿ ಅಲುಗಿತು.
"ನನ್ನ ಉಮ್ಮ. ದುಆ ಮಾಡ್ತಿದ್ದಾಳೆ.
ನನ್ನ ಹೆಸರು ಬರ್ತದೆ ನೋಡಿ, ಈಗ, ಈಗ."
ಐವತ್ತೆರಡು ನಿಮಿಷ
ಒಂದು ಬಾಯಿಯನ್ನೂ ಅವನು ಖಾಲಿ ಬಿಡಲಿಲ್ಲ.

ನಾಲ್ಕನೆಯ ರಾತ್ರಿಯದು ನನ್ನ ಹಠ.
ತೂಕ ಸರಿಬಾರದೆ ಚೀಟಿ ಹರಿದುಕೊಡುವವನಲ್ಲ ನಾನು.
ಧ್ವನಿ? ಇದೆ.
ಅಲ್ಲಿಯವರೆಗೆ ಕಣ್ಣು ಕೀಳದೆ ಕೂತಿದ್ದೆ.

ಜನರೇಟರಿನ ಗುರ್ರು ಮೊದಲು ಬಂತು.
ಆಮೇಲೆ ರುಕಿಯಾ: ಫ್ಯಾನು ಸ್ವಲ್ಪ ಈಚೆ ತಿರುಗಿಸಿ.
ಹೆಂಡತಿಯ ತಮ್ಮ: ಮೊಸರು ಸಾಲದು, ಸ್ಕೂಟರಿನ ಕೀ ಯಾರ ಹತ್ತಿರ?
ಮುದುಕಿ ಎಲೆಅಡಿಕೆ ಜಗಿಯುತ್ತಿದ್ದಳು, ಅಷ್ಟೇ.

ಪೊಡಿಯಬ್ಬ ಪೂರ್ತಿ ಕೇಳಿದ,
ಬೇರೆ ಯಾರದೋ ಮದುವೆಗೆ ಬಂದು ಕೂತವನ ಮರ್ಯಾದೆಯಿಂದ.
ಆಮೇಲೆ, ನನಗೆ ನೋವಾಗದಂತೆ, ಮೆಲ್ಲಗೆ:
"ಭಾರಿ ಚಂದ ಆಯ್ತು.
ಇದನ್ನು ಮೊನ್ನೆಯ ಹಾಗೆ ಮಾಡಲಿಕ್ಕೆ ಆಗ್ತದಾ?"

ನಾಲ್ಕು ರಾತ್ರಿ, ಒಂಬೈನೂರು ಕಡತ.
ಎಂ ಗುಂಡಿ ಒತ್ತಿದೆ.
ಅವನು ಸ್ಟೂಲು ಹತ್ತಿರ ಎಳೆದುಕೊಂಡು
ಗಂಟಲು ಸರಿಮಾಡಿಕೊಂಡ.